ಬಂಗಾರದ ಹಳಿ, ಮುಪ್ಪಿನ ಮೆಟ್ಟಿಲು

ಬೆಂಗಳೂರು–ಜೋಲಾರಪೇಟೆ ರೈಲು ಮಾರ್ಗ 1864ರಲ್ಲಿ ತೆರೆಯಿತು. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆ, ಆ ಮಾರ್ಗದಲ್ಲಿತ್ತು. 1894ರಲ್ಲಿ ಅಲ್ಲಿಂದ ಚಿನ್ನದ ಗಣಿಗಳತ್ತ ಸುಮಾರು 16 ಕಿ.ಮೀ.ಗಳ ಕವಲು ಹಳಿ ಬಂತು. ಅದನ್ನು ಹಾಕಿದ್ದು ಗಣಿಗಾಗಿ.

ಗಣಿ ನಡೆಯುತ್ತಿದ್ದಾಗ ಕಾರ್ಮಿಕನ ಬದುಕು ಹೆಚ್ಚಾಗಿ ಅಲ್ಲೇ ಸಾಗುತ್ತಿತ್ತು. ಲೈನ್ ಮನೆ, ಶಾಫ್ಟು, ಕಂಪನಿಯ ಆಸ್ಪತ್ರೆ ಎಲ್ಲವೂ ಹತ್ತಿರ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮಕ್ಕಳು ಕೂಲಿಗೆ, ನೌಕರಿಗೆ ಬೆಂಗಳೂರಿನ ರೈಲು ಹಿಡಿದರು. ದೊಡ್ಡ ಕಾಯಿಲೆಯಾದರೆ ಹಿರಿಯರಿಗೂ ಅದೇ ದಾರಿ.

ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್‌ಗೆ ತುತ್ತಾದವನಿಗೆ ನಾಲ್ಕು ಮೆಟ್ಟಿಲು ಹತ್ತಿದರೂ ಉಸಿರು ಸಾಲದು. ಮೇಲ್ಸೇತುವೆ, ತಗ್ಗು ಪ್ಲಾಟ್‌ಫಾರಂ, ಎತ್ತರದ ಬೋಗಿ, ನೂಕುನುಗ್ಗಲು: ಇವುಗಳಲ್ಲಿ ಒಂದೊಂದೂ ಅವನಿಗೆ ಪರೀಕ್ಷೆ. ಹಿರಿಯರಿಗಿದ್ದ ರೈಲು ದರದ ರಿಯಾಯಿತಿಯೂ 2020ರ ಮಾರ್ಚ್‌ನಲ್ಲಿ ನಿಂತಿತು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಅಜ್ಜಿಯರ ಸಾಮಾನ್ಯ ಬಸ್ ಪ್ರಯಾಣವನ್ನು ಉಚಿತಗೊಳಿಸಿತು; ಅದು ದೊಡ್ಡ ಉಪಕಾರ. ಆದರೆ ಟಿಕೆಟ್ ಉಚಿತವಾದ ಮಾತ್ರಕ್ಕೆ ಬಸ್ಸಿನ ಮೆಟ್ಟಿಲು ತಗ್ಗುವುದಿಲ್ಲ.

ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3,200 ಮೀಟರ್. ಚಿನ್ನ ಬೇಕಿದ್ದಾಗ ಮನುಷ್ಯನನ್ನು ಅಷ್ಟು ಆಳಕ್ಕೆ ಇಳಿಸಿ, ಮತ್ತೆ ಮೇಲಕ್ಕೆ ತರುವ ಯಂತ್ರಗಳಿದ್ದವು. ಅದೇ ಮನುಷ್ಯ ಮುಪ್ಪಿನಲ್ಲಿ ಕೇಳುತ್ತಿರುವುದು ಒಂದು ಇಳಿಜಾರು ದಾರಿ, ಹಿಡಿಯಲು ಕಂಬಿ, ಹತ್ತುವಷ್ಟು ಹೊತ್ತು ನಿಲ್ಲುವ ರೈಲು. ಈ ಸಾಲ ನಾವೆಲ್ಲ ತೀರಿಸಬೇಕಾದದ್ದು.