ಎಳೆಯ ಮಕ್ಕಳ ನಿದ್ರೆ, ದೈಹಿಕ ಚಟುವಟಿಕೆ ಮತ್ತು ದೇಹತೂಕ

ನಿದ್ರೆ, ದೈಹಿಕ ಚಟುವಟಿಕೆ ಮತ್ತು ದೇಹತೂಕ ಐದು ವರ್ಷದೊಳಗಿನ ಮಕ್ಕಳ ಬೆಳವಣಿಗೆಯನ್ನು ರೂಪಿಸುವ, ಒಂದನ್ನೊಂದು ಅವಲಂಬಿಸಿದ ಮೂರು ಅಂಶಗಳು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ 1–2 ವರ್ಷದ ಮಕ್ಕಳಿಗೆ ಹಗಲು ನಿದ್ರೆಯೂ ಸೇರಿ ದಿನಕ್ಕೆ 11–14 ಗಂಟೆ, 3–4 ವರ್ಷದವರಿಗೆ 10–13 ಗಂಟೆ ನಿದ್ರೆ ಬೇಕು. ಎರಡೂ ವಯಸ್ಸಿನವರಿಗೆ ದಿನಕ್ಕೆ ಕನಿಷ್ಠ 180 ನಿಮಿಷಗಳ ಓಡಾಟ, ಆಟ ಅಗತ್ಯವಾಗಿದ್ದು, 3–4 ವರ್ಷದವರಲ್ಲಿ ಅದರ 60 ನಿಮಿಷವಾದರೂ ಏದುಸಿರು ತರುವಷ್ಟು ಚುರುಕಾಗಿರಬೇಕು. ಎರಡು ವರ್ಷ ತುಂಬುವವರೆಗೆ ಟಿವಿ, ಮೊಬೈಲ್ ವೀಕ್ಷಣೆ ಸಲ್ಲದು. ಅನಂತರ ಅದು ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು.

ಆರೋಗ್ಯಕರ ತೂಕವೆಂದರೆ ಎತ್ತರಕ್ಕೆ ತಕ್ಕ ತೂಕ. ಅದು ಇದೇ ಸಂಸ್ಥೆಯ 2006ರ ಜಾಗತಿಕ ಬೆಳವಣಿಗೆ ಮಾನದಂಡದ ಮಧ್ಯಮಾಂಕಕ್ಕಿಂತ ಎರಡು ಪ್ರಮಾಣ ವಿಚಲನೆಗಳಿಗೂ (ಸರಾಸರಿ ಏರುಪೇರಿನ ಅಳತೆ) ಹೆಚ್ಚು ಕೆಳಗಿಳಿದರೆ ಕೃಶತೆ, ಎರಡಕ್ಕಿಂತ ಮೇಲೇರಿದರೆ ಅತಿತೂಕ ಎನ್ನಲಾಗುತ್ತದೆ. ಅಲ್ಪ ನಿದ್ರೆಗೂ ಅತಿತೂಕಕ್ಕೂ ಇರುವ ನಂಟನ್ನು ಹಲವು ಅಧ್ಯಯನಗಳು ಗುರುತಿಸಿವೆ.

ಆದರೆ ಅತಿತೂಕವೊಂದೇ ಎಲ್ಲೆಡೆಯ ಚಿಂತೆಯಲ್ಲ. ಮಹಾರಾಷ್ಟ್ರದ ಗಡಿಯಲ್ಲಿ, ಧಾರಾಶಿವ ಜಿಲ್ಲೆಯ ಉಮರ್ಗಾ ತಾಲ್ಲೂಕಿನ ಮುರುಮ ಹಾಗೂ ಲಾತೂರು ಜಿಲ್ಲೆಯ ನಿಲಂಗಾ, ಉದಗೀರ ಪ್ರದೇಶಗಳು ಬರಪೀಡಿತ ಮರಾಠವಾಡಕ್ಕೆ ಸೇರಿರುವುದರಿಂದ ಇಲ್ಲಿ ಅತಿತೂಕದಷ್ಟೇ ಕೃಶತೆಯೂ ಗಮನಿಸಬೇಕಾದ ಸಂಗತಿ. ಮರಾಠವಾಡದಿಂದ ಕಬ್ಬು ಕಟಾವಿಗೆ ವಲಸೆ ಹೋಗುವ ಕುಟುಂಬಗಳ ಮಕ್ಕಳಲ್ಲಿ ಊಟ, ನಿದ್ರೆಗಳ ವೇಳೆ ತಪ್ಪುವುದಲ್ಲದೆ, ಅಂಗನವಾಡಿಯ ತೂಕ ದಾಖಲೆಯೂ ತುಂಡಾಗಬಹುದು. 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳು ಪೂರಕ ಆಹಾರ, ಶಾಲಾಪೂರ್ವ ಆಟಪಾಠ ಮತ್ತು ನಿಯತ ತೂಕ ಪರೀಕ್ಷೆಗಳನ್ನು ಒಂದೇ ಕಡೆ ಒದಗಿಸುತ್ತವೆ.