ಎರೆಹೊಲಕ್ಕೆ ಬಂದ ಎರಡು ಬ್ರಿಟಿಷ್ ವಂಶಗಳು: ಮ್ಯಾಸಿ 35 ಮತ್ತು ಬಿ-275

ಬಸವಕಲ್ಯಾಣದ ನಾರಾಯಣಪುರ ಎಂದರೆ ಇತಿಹಾಸಕಾರರಿಗೆ ನೆನಪಾಗುವುದು ಅಲ್ಲಿನ ಚಾಲುಕ್ಯರ ಕಾಲದ ಶಿವಾಲಯ. ಆ ಗುಡಿಯ ಸುತ್ತಲಿನ ಹೊಲಗಳಿಗೂ ಚರಿತ್ರೆಯಿದೆ. ಅದರಲ್ಲಿ ಟ್ರ್ಯಾಕ್ಟರಿನ ಅಧ್ಯಾಯವನ್ನು ನಾವು ಇನ್ನೂ ಸರಿಯಾಗಿ ಓದಿಲ್ಲ. ಹುಮನಾಬಾದ್–ಬಸವಕಲ್ಯಾಣ ಸೀಮೆಯಲ್ಲಿ ತೊಗರಿ, ಉದ್ದು, ಜೋಳ, ಕಬ್ಬಿನ ನೆಲ ಹದ ಮಾಡುವ ಮ್ಯಾಸಿ 1035 ಮತ್ತು ಮಹೀಂದ್ರಾ 275 ಎರಡನ್ನೂ ನಮ್ಮದೇ ದೇಶದ ಗಾಡಿಗಳೆಂದು ರೈತರು ಬಗೆಯುತ್ತಾರೆ. ಎರಡರ ಬೇರೂ 1950ರ ದಶಕದ ಇಂಗ್ಲೆಂಡಿನಲ್ಲಿದೆ. ಆ ಮೂಲ ಮಾದರಿಗಳನ್ನು ಬರೀ ಅಶ್ವಶಕ್ತಿಯಿಂದ ಅಳೆದರೆ ವ್ಯತ್ಯಾಸ ಕೈಗೆ ಸಿಗುವುದಿಲ್ಲ. ಎರಡೂ 35ರ ಆಸುಪಾಸಿನವು. ವ್ಯತ್ಯಾಸವಿರುವುದು ಹೈಡ್ರಾಲಿಕ್, ಗೇರು ಮತ್ತು ಎಂಜಿನ್ನಿನಲ್ಲಿ ಎಂಬುದು ಈ ಲೇಖನದ ವಾದ.

ಮೊದಲನೆಯ ವಂಶದ ಮೂಲಪುರುಷ ಹ್ಯಾರಿ ಫರ್ಗುಸನ್. ಕವೆಂಟ್ರಿಯ ಬ್ಯಾನರ್ ಲೇನ್ ಕಾರ್ಖಾನೆಯಲ್ಲಿ 1946ರಿಂದ 1956ರವರೆಗೆ ತಯಾರಾದ ಬೂದು ಬಣ್ಣದ ಟಿಇ20 ಮಾದರಿ ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಹೊರಬಂತು. ನೇಗಿಲನ್ನು ಹಿಂದೆ ಕಟ್ಟಿ ಎಳೆಯುವ ಬದಲು ಮೂರು ಕೊಂಡಿಗಳಿಂದ ಟ್ರ್ಯಾಕ್ಟರಿಗೇ ಜೋಡಿಸಿದ್ದು ಇದರ ಹಿರಿಮೆ. ನೇಗಿಲು ಗಟ್ಟಿ ನೆಲಕ್ಕೆ ತಾಗಿದಾಗ ಮೇಲಿನ ಕೊಂಡಿ ಮುಂದಕ್ಕೆ ಒತ್ತುತ್ತದೆ. ಆ ಒತ್ತಡ ಹೈಡ್ರಾಲಿಕ್ ಕವಾಟಕ್ಕೆ ತಲುಪಿ ನೇಗಿಲು ತುಸು ಮೇಲೇಳುತ್ತದೆ, ಅದರ ಭಾರ ಹಿಂದಿನ ಗಾಲಿಗಳ ಮೇಲೆ ಬಿದ್ದು ಹಿಡಿತ ಹೆಚ್ಚುತ್ತದೆ. ಎರೆಮಣ್ಣೂ ಜಂಬಿಟ್ಟಿಗೆಯೂ ಅಕ್ಕಪಕ್ಕದಲ್ಲೇ ಇರುವ ಬೀದರ್ ಪ್ರಸ್ಥಭೂಮಿಯಂಥ ಕಡೆ ಈ ಗುಣದ ಬೆಲೆ ಉಳುವವನಿಗೇ ಗೊತ್ತು. ಆದರೆ ಟಿಇ20ರಲ್ಲಿ ಒಂದು ಕೊರತೆಯಿತ್ತು: ಕ್ಲಚ್ ಒತ್ತಿದರೆ ಹೈಡ್ರಾಲಿಕ್ ಪಂಪೂ ನಿಲ್ಲುತ್ತಿತ್ತು, ಲಿಫ್ಟ್ ಏಳುತ್ತಿರಲಿಲ್ಲ.

1956ರಲ್ಲಿ ಬಂದ ಎಫ್‌ಇ35 ಇದಕ್ಕೆ ಜೋಡಿ ಕ್ಲಚ್ಚಿನ ಪರಿಹಾರ ತಂದಿತು. ನಾಲ್ಕು ಮುಂದಿನ ಗೇರುಗಳ ಜಾಗದಲ್ಲಿ ಆರು ಬಂದವು. ನೇಗಿಲಿನ ಎಳೆತಕ್ಕೊಂದು, ಎತ್ತರಕ್ಕೊಂದು ಎಂದು ಲಿವರ್‌ಗಳು ಬೇರೆಯಾದವು. ಮುಂದಿನ ವರ್ಷದ ಕೊನೆಗೆ ಬಣ್ಣ ಕೆಂಪಾಗಿ, ಹೆಸರು ಮ್ಯಾಸಿ ಫರ್ಗುಸನ್ 35 ಎಂದಾಯಿತು. ಹೊರಗಿನ ರೂಪ ಹೆಚ್ಚು ಬದಲಾಗದೆ ಒಳಗಿನ ಹೃದಯ ಬದಲಾದದ್ದು 1959ರ ಕೊನೆಗೆ: ಚಳಿಯಲ್ಲಿ ಸ್ಟಾರ್ಟ್ ಆಗಲು ಸತಾಯಿಸುತ್ತಿದ್ದ ಸ್ಟ್ಯಾಂಡರ್ಡ್ ಕಂಪನಿಯ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್ ಹೋಗಿ, ಪರ್ಕಿನ್ಸ್‌ನ ಮೂರು ಸಿಲಿಂಡರ್ ಎಂಜಿನ್ ಬಂತು. ಇದರಲ್ಲಿ ಡೀಸೆಲ್ ನೇರವಾಗಿ ಸಿಲಿಂಡರಿಗೇ ಚಿಮ್ಮುವುದರಿಂದ ಸ್ಟಾರ್ಟಿಂಗ್ ಸಲೀಸು. ಸಿಲಿಂಡರ್ ಹೆಚ್ಚಾದಷ್ಟೂ ಗಾಡಿ ಮೇಲು ಎಂಬ ನಂಬಿಕೆಯನ್ನು ಈ ಒಂದು ಉದಾಹರಣೆಯೇ ಸುಳ್ಳು ಮಾಡುತ್ತದೆ.

ಎರಡನೆಯ ವಂಶ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ನದು. ಈ ಅಮೆರಿಕನ್ ಕಂಪನಿ 1954ರಲ್ಲಿ ಬ್ರಾಡ್‌ಫರ್ಡಿನಲ್ಲಿದ್ದ ಜೋವೆಟ್ ಕಾರ್ ಕಾರ್ಖಾನೆಯನ್ನು ಕೊಂಡು, 1956ರಲ್ಲಿ ಬಿ-250 ಮಾದರಿ ಹೊರತಂದಿತು. ಡಿಸ್ಕ್ ಬ್ರೇಕ್ ಮತ್ತು ಡಿಫರೆನ್ಷಿಯಲ್ ಲಾಕ್ ಇದರ ಬಲ. ಹಸಿ ಎರೆಯಲ್ಲಿ ಒಂದು ಗಾಲಿ ಬರೀ ತಿರುಗತೊಡಗಿದಾಗ ಲಾಕ್ ಒತ್ತಿದರೆ ಎರಡೂ ಗಾಲಿ ಒಂದಾಗಿ ಎಳೆಯುತ್ತವೆ. 1958ರ ಬಿ-275 ಐದು ಮುಂದಿನ ಗೇರುಗಳನ್ನು ಎಂಟಕ್ಕೆ ಏರಿಸಿತು. ಇದೇ ಕಾಲದ ಫೋರ್ಡ್‌ಸನ್ ಮೇಜರ್ ಮ್ಯಾಸಿ 35 ಮತ್ತು ಬಿ-275 ಎರಡಕ್ಕಿಂತಲೂ ಭಾರದ, ಬಲದ ಯಂತ್ರವಾದರೂ ಡಿಫರೆನ್ಷಿಯಲ್ ಲಾಕ್ ಪಡೆದದ್ದು 1960ರ ಸೂಪರ್ ಮೇಜರ್‌ನಲ್ಲಿ.

ಮದ್ರಾಸಿನಲ್ಲಿ 1960ರಲ್ಲಿ ಹುಟ್ಟಿದ ಟಾಫೆ ಕಂಪನಿ ಮ್ಯಾಸಿಯ ವಂಶವನ್ನು ಮುಂದುವರಿಸಿತು. ಮಹೀಂದ್ರಾ ಮತ್ತು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕೂಡಿ 1963ರಲ್ಲಿ ಕಟ್ಟಿದ ಕಂಪನಿ ಬಿ-275ನ್ನು ಇಲ್ಲಿ ತಯಾರಿಸಿತು. 275 ಎಂಬ ಅಂಕಿ ಇಂದಿಗೂ ಮಹೀಂದ್ರಾ ಬಾನೆಟ್ಟಿನ ಮೇಲಿದೆ. ನನ್ನ ತೀರ್ಮಾನ ಇಷ್ಟು: ಹದ ತಪ್ಪುವ ನೆಲದಲ್ಲಿ ಉಳುವ ಸೂಕ್ಷ್ಮತೆಗೆ ಮ್ಯಾಸಿ 35, ಜಾರುವ ನೆಲದಲ್ಲಿ ಎಳೆಯುವುದಕ್ಕೆ ಬಿ-275.

ಹಳೆಯ ಗಾಡಿಯ ಬಾನೆಟ್ ನೋಡಿ ಕಾಲ ನಿರ್ಣಯಿಸಬಾರದು. ಬಣ್ಣ ಬಳಿದಿರುತ್ತಾರೆ, ಎಂಜಿನ್ನೂ ಬದಲಾಗಿರುತ್ತದೆ. ಆದ್ದರಿಂದ ಓದುಗರಲ್ಲಿ ಕೋರಿಕೆ: ನಿಮ್ಮ ಮನೆಯಲ್ಲಿ ಹಳೆಯ ಟ್ರ್ಯಾಕ್ಟರ್ ಇದ್ದರೆ, ಗುಜರಿಗೆ ಹಾಕುವ ಮುನ್ನ ಅದರ ಚಾಸಿ ನಂಬರು, ಎಂಜಿನ್ ನಂಬರು, ಆರ್‌ಸಿ ಪುಸ್ತಕದಲ್ಲಿರುವ ವರ್ಷ ಈ ಮೂರನ್ನೂ ಬರೆದಿಡಿ.