ವಿಯೆಟ್ನಾಂ: ಬೆನ್ನುಚೀಲದ ತಂಡಪ್ರವಾಸಕ್ಕೆ ಕೈಪಿಡಿ

ಆಗ್ನೇಯ ಏಷ್ಯಾದ ಪೂರ್ವ ಅಂಚಿನಲ್ಲಿ, ಇಂಗ್ಲಿಷಿನ 'ಎಸ್' ಅಕ್ಷರದಂತೆ ಉದ್ದಕ್ಕೆ ಚಾಚಿಕೊಂಡಿರುವ ದೇಶ ವಿಯೆಟ್ನಾಂ. ಉತ್ತರದ ತುದಿಯಿಂದ ದಕ್ಷಿಣದ ತುದಿಗೆ ನೇರ ದೂರ ಸುಮಾರು 1,650 ಕಿ.ಮೀ. ಕಡಲತೀರದ ಉದ್ದ ಸುಮಾರು 3,260 ಕಿ.ಮೀ. ನಡುಭಾಗದ ಒಂದೆಡೆ ದೇಶದ ಅಗಲ 50 ಕಿ.ಮೀ. ಮಾತ್ರ. ಈ ಆಕಾರದಿಂದಾಗಿಯೇ ಉತ್ತರದಿಂದ ದಕ್ಷಿಣಕ್ಕೆ ಒಂದೇ ದಾರಿ ಹಿಡಿದು ಇಳಿದರೆ ದೇಶದ ಮುಖ್ಯ ನಗರಗಳೂ ಕಡಲತೀರಗಳೂ ಪ್ರವಾಸಿಗನಿಗೆ ಒಂದರ ನಂತರ ಒಂದು ಎದುರಾಗುತ್ತವೆ. ಬೆನ್ನಿಗೊಂದು ಚೀಲ ಏರಿಸಿ, ಸಣ್ಣ ತಂಡದೊಡನೆ ಎರಡು ವಾರ ಸುತ್ತುವ ಪ್ರವಾಸಕ್ಕೆ ಈ ದೇಶ ಹೆಸರಾಗಿರುವುದಕ್ಕೆ ಇದು ಮೊದಲ ಕಾರಣ.

ಎರಡನೆಯ ಕಾರಣ ಇತಿಹಾಸದ್ದು. 1986ರಲ್ಲಿ 'ದೋಯಿ ಮೋಯ್' ಎಂಬ ಆರ್ಥಿಕ ಸುಧಾರಣೆ ಆರಂಭವಾಯಿತು. 1994ರಲ್ಲಿ ಅಮೆರಿಕ ತನ್ನ ವ್ಯಾಪಾರ ನಿರ್ಬಂಧವನ್ನು ತೆರವುಗೊಳಿಸಿತು. ಅಲ್ಲಿಂದೀಚೆಗೆ ಮಿತವ್ಯಯದ ಪ್ರವಾಸಿಗರಿಗೆಂದೇ ಹನೋಯಿಯ ಹಳೆಪೇಟೆಯಲ್ಲಿ, ಹೋ ಚಿ ಮಿನ್ ನಗರದ ಬುಯಿ ವಿಯೆನ್ ಬೀದಿಯಲ್ಲಿ ಅಗ್ಗದ ವಸತಿಗೃಹಗಳು, ಬಸ್ ಕಚೇರಿಗಳು, ಉಪಾಹಾರ ಗೃಹಗಳು ಸಾಲುಗಟ್ಟಿದವು.

ತಂಡ ಏನನ್ನು ಹೊರುತ್ತದೆ?

ಸಾಮಾನ್ಯ 'ಪ್ಯಾಕೇಜ್ ಟೂರ್'ಗೂ ಬೆನ್ನುಚೀಲದ ತಂಡಪ್ರವಾಸಕ್ಕೂ ವ್ಯತ್ಯಾಸವಿದೆ. ಎರಡನೆಯದರಲ್ಲಿ ತಂಡ ಚಿಕ್ಕದು. ಹತ್ತು ಹದಿನೈದು ಮಂದಿ. ಪ್ರಯಾಣ ಬಹುಮಟ್ಟಿಗೆ ಸಾರ್ವಜನಿಕ ರೈಲು, ಬಸ್ಸು, ದೋಣಿಗಳಲ್ಲಿ. ವಸತಿ ಸರಳ, ಇಬ್ಬರಿಗೊಂದು ಕೊಠಡಿ. ಒಬ್ಬಂಟಿಯಾಗಿ ಬಂದವರಿಗೆ ತಂಡದ ಇನ್ನೊಬ್ಬರೊಡನೆ ಕೊಠಡಿ ಹಂಚಲಾಗುತ್ತದೆ. ಪ್ರತ್ಯೇಕ ಕೊಠಡಿ ಬೇಕೆಂದರೆ ಹೆಚ್ಚುವರಿ ಶುಲ್ಕ. ಮೊದಲ ದಿನದಿಂದ ಕೊನೆಯ ದಿನದವರೆಗೆ ಒಬ್ಬ ನಾಯಕ ಜೊತೆಗಿರುತ್ತಾನೆ. ಆಯಾ ಊರಿನ ಸ್ಮಾರಕಗಳನ್ನು ವಿವರಿಸಲು ಸ್ಥಳೀಯ ಮಾರ್ಗದರ್ಶಿ ಬರುತ್ತಾನೆ. ಮಾರ್ಗದರ್ಶಿಗೆ ಸರ್ಕಾರದ ಪರವಾನಗಿ ಚೀಟಿ ಇರುವುದು ಅಲ್ಲಿ ಕಡ್ಡಾಯ.

ಟಿಕೆಟ್, ಕೊಠಡಿ, ಭಾಷೆ ಈ ಮೂರು ತೊಡಕುಗಳನ್ನು ತಂಡ ಪ್ರವಾಸಿಗನ ತಲೆಯಿಂದ ಇಳಿಸುತ್ತದೆ. ಆದರೆ ಋತುವಿನ ಆಯ್ಕೆ, ಕಾಗದಪತ್ರ, ವಿಮೆ, ಊಟ ಹಾಗೂ ತನ್ನ ಚೀಲದ ಭಾರ ಪ್ರವಾಸಿಗನ ಪಾಲಿಗೇ ಉಳಿಯುತ್ತವೆ. ಈ ಗೆರೆ ಎಲ್ಲಿದೆ ಎಂಬುದನ್ನು ಮುಂಗಡ ಹಣ ಕಟ್ಟುವ ಮೊದಲೇ ತಿಳಿಯದಿದ್ದರೆ ತೊಂದರೆ ತಪ್ಪಿದ್ದಲ್ಲ.

ಉತ್ತರದಿಂದ ದಕ್ಷಿಣಕ್ಕೆ

ಹೆಚ್ಚಿನ ತಂಡಗಳ ಹಾದಿಗೆ ಬೆನ್ನೆಲುಬು ಹನೋಯಿ ಮತ್ತು ಹೋ ಚಿ ಮಿನ್ ನಗರಗಳ ನಡುವಣ 1,726 ಕಿ.ಮೀ. ರೈಲುಮಾರ್ಗ. ಯುದ್ಧದಲ್ಲಿ ತುಂಡಾಗಿದ್ದ ಈ ಮಾರ್ಗ ದೇಶ ಒಂದಾದ ಮೇಲೆ 1976ರ ಕೊನೆಯಲ್ಲಿ ಮತ್ತೆ ತೆರೆಯಿತು. ಆದ್ದರಿಂದಲೇ ಇದಕ್ಕೆ 'ಪುನರೇಕೀಕರಣ ರೈಲು' ಎಂಬ ಹೆಸರು ಬಂದಿದೆ.

1010ರಲ್ಲಿ ರಾಜಧಾನಿಯಾಗಿ ಸ್ಥಾಪನೆಗೊಂಡ ಹನೋಯಿ ಸಾಮಾನ್ಯವಾಗಿ ಮೊದಲ ತಂಗುದಾಣ. ಅಲ್ಲಿಂದ ಬಸ್ಸಿನಲ್ಲಿ ಹಾ ಲಾಂಗ್ ಕೊಲ್ಲಿಗೆ ಹೋಗಿಬರುವುದು ವಾಡಿಕೆ. ಸಾವಿರಾರು ಸುಣ್ಣದಕಲ್ಲಿನ ಗುಡ್ಡಗಳು ಸಮುದ್ರದಿಂದ ಎದ್ದು ನಿಂತಿರುವ ಈ ಕೊಲ್ಲಿ 1994ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 

ಹನೋಯಿಯಿಂದ ರಾತ್ರಿ ರೈಲು ಹತ್ತಿದರೆ 688 ಕಿ.ಮೀ. ದೂರದ ಹುಯೆ ನಗರ ಮರುದಿನ ಸಿಗುತ್ತದೆ. ರೈಲಿನ 'ಹಾರ್ಡ್ ಸ್ಲೀಪರ್'ನ ಒಂದು ಕೋಣೆಗೆ ಆರು ಮಲಗುಪಟ್ಟಿ, 'ಸಾಫ್ಟ್ ಸ್ಲೀಪರ್'ಗೆ ನಾಲ್ಕು. ಹುಯೆ 1802ರಿಂದ 1945ರವರೆಗೆ ಆಳಿದ ಙುಯೆನ್ ಅರಸರ ರಾಜಧಾನಿ. ಇಲ್ಲಿನ ಕೋಟೆ 1968ರ ಭೀಕರ ಕಾಳಗದಲ್ಲಿ ಬಹುವಾಗಿ ಜಖಂಗೊಂಡಿತು.

ಹುಯೆಯಿಂದ ದಾ ನಾಂಗ್‌ಗೆ ರೈಲಿನಲ್ಲಿ 103 ಕಿ.ಮೀ. ಹೈ ವಾನ್ ಘಟ್ಟದ ಅಂಚಿನಲ್ಲಿ, ಕೆಳಗೆ ಸಮುದ್ರ ಕಾಣುತ್ತ ಸಾಗುವ ಈ ತುಂಡನ್ನು ಹಗಲಿನಲ್ಲಿ ಪಯಣಿಸಬೇಕು. ಹೋಯಿ ಆನ್ ಪಟ್ಟಣಕ್ಕೆ ರೈಲಿಲ್ಲ. ದಾ ನಾಂಗ್‌ನಲ್ಲಿ ಇಳಿದು ಸುಮಾರು 30 ಕಿ.ಮೀ. ರಸ್ತೆಯಲ್ಲಿ ಹೋಗಬೇಕು. 15ರಿಂದ 19ನೆಯ ಶತಮಾನದವರೆಗೆ ಬಂದರಾಗಿದ್ದ ಹೋಯಿ ಆನ್ ಮತ್ತು ಹತ್ತಿರದ ಮೀ ಸೋನ್ ದೇಗುಲ ಸಮೂಹ ಎರಡೂ 1999ರಲ್ಲಿ ವಿಶ್ವ ಪರಂಪರೆಯ ತಾಣಗಳಾದವು.

ಮೀ ಸೋನ್ ಭಾರತೀಯರು ತಪ್ಪಿಸಬಾರದ ಸ್ಥಳ. ಚಾಮ್ ಅರಸರು 4ರಿಂದ 13ನೆಯ ಶತಮಾನದ ನಡುವೆ ಕಟ್ಟಿಸಿದ ಇಟ್ಟಿಗೆಯ ಗುಡಿಗಳಿವು. ಇಲ್ಲಿ ಮುಖ್ಯವಾಗಿ ಶಿವನ ಆರಾಧನೆ ನಡೆಯುತ್ತಿತ್ತು. ಸಂಸ್ಕೃತ ಶಾಸನಗಳೂ ದೊರೆತಿವೆ. 1969ರ ಬಾಂಬ್ ದಾಳಿಯಲ್ಲಿ ಹಲವು ಗುಡಿಗಳು ನೆಲಸಮವಾದವು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಇಲ್ಲಿ ಜೀರ್ಣೋದ್ಧಾರ ಕೈಗೊಂಡಿದ್ದಾಗ, 2020ರಲ್ಲಿ, 9ನೆಯ ಶತಮಾನದ ಏಕಶಿಲೆಯ ಶಿವಲಿಂಗ ಪತ್ತೆಯಾಯಿತು.

ಮುಂದೆ ಕಡಲತೀರದ ನ್ಯಾ ಟ್ರಾಂಗ್, ಅಲ್ಲಿಂದ 411 ಕಿ.ಮೀ. ದೂರದಲ್ಲಿ ಹೋ ಚಿ ಮಿನ್ ನಗರ. ಯುದ್ಧಸ್ಮಾರಕ ವಸ್ತುಸಂಗ್ರಹಾಲಯ, ಕು ಚಿ ಸುರಂಗಗಳು, ಮೆಕಾಂಗ್ ನದೀಮುಖಜ ಭೂಮಿ ಇವು ಕೊನೆಯ ದಿನಗಳ ಕಾರ್ಯಕ್ರಮ.

ಹಳೆಯ ಮಾರ್ಗದರ್ಶಿ ಪುಸ್ತಕ ಹಿಡಿದು ಹೋಗುವವರು ಒಂದು ಬದಲಾವಣೆಯನ್ನು ಗಮನಿಸಬೇಕು. 2025ರ ಜುಲೈ 1ರಿಂದ ದೇಶದ 63 ಪ್ರಾಂತ್ಯ-ನಗರಗಳನ್ನು 34ಕ್ಕೆ ಇಳಿಸಲಾಗಿದೆ. ಹೋಯಿ ಆನ್ ಈಗ ದಾ ನಾಂಗ್ ಆಡಳಿತಕ್ಕೆ ಸೇರಿದೆ. ಪುಸ್ತಕದ ವಿಳಾಸಗಳು ಎಲ್ಲೆಡೆ ಹೊಂದುವುದಿಲ್ಲ.

ಒಂದು ದೇಶ, ಮೂರು ಮಳೆಗಾಲ

ಮಳೆಗಾಲವೆಂದರೆ ಜೂನ್‌ನಿಂದ ಸೆಪ್ಟೆಂಬರ್ ಎಂಬ ನಮ್ಮ ಲೆಕ್ಕ ವಿಯೆಟ್ನಾಮಿನಲ್ಲಿ ನಡೆಯುವುದಿಲ್ಲ. ಉತ್ತರದಲ್ಲಿ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮಳೆ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಮಂಜು, ತುಂತುರು, ಸ್ವೆಟರ್ ಬೇಡುವ ಚಳಿ. ದಕ್ಷಿಣದಲ್ಲಿ ಮೇ ತಿಂಗಳಿಂದ ನವೆಂಬರ್‌ವರೆಗೆ ಮಳೆ. ಹುಯೆ, ದಾ ನಾಂಗ್, ಹೋಯಿ ಆನ್ ಇರುವ ನಡುಕರಾವಳಿಯಲ್ಲಿ ಮಾತ್ರ ಮಳೆಯ ಹೊಡೆತ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ. ಚಂಡಮಾರುತಗಳ ಕಾಟವೂ ಅಲ್ಲಿ ಆಗಲೇ ಹೆಚ್ಚು.

ಕರ್ನಾಟಕದ ಕುಟುಂಬಗಳು ಮರೆಯಬಾರದ ಅಂಶ ಇಲ್ಲಿದೆ. ನಮ್ಮ ದಸರಾ, ದೀಪಾವಳಿ ರಜೆಗಳು ಸರಿಯಾಗಿ ಈ ಅವಧಿಯಲ್ಲೇ ಬರುತ್ತವೆ. 2020ರ ಅಕ್ಟೋಬರ್‌ನಲ್ಲಿ ನಡುವಿಯೆಟ್ನಾಂ ಕಂಡ ಪ್ರವಾಹ, ಭೂಕುಸಿತಗಳಲ್ಲಿ ನೂರಕ್ಕೂ ಹೆಚ್ಚು ಮಂದಿ ಅಸುನೀಗಿದರು. 2025ರ ಅಕ್ಟೋಬರ್ ಕೊನೆಯ ವಾರ ಹುಯೆ ಮತ್ತು ಹೋಯಿ ಆನ್ ಬೀದಿಗಳು ಮತ್ತೆ ನೀರಿನಡಿಯಾದವು. ಇಂಥ ಸಮಯದಲ್ಲಿ ರೈಲು ನಿಂತರೆ ತಂಡದ ಇಡೀ ವೇಳಾಪಟ್ಟಿ ಕುಸಿಯುತ್ತದೆ. ಮೂರೂ ಭಾಗಗಳನ್ನು ಒಂದೇ ಪ್ರವಾಸದಲ್ಲಿ ನೋಡಲು ಫೆಬ್ರುವರಿ ಕೊನೆಯಿಂದ ಏಪ್ರಿಲ್‌ವರೆಗಿನ ಕಾಲ ಸೂಕ್ತ. ಜನವರಿ ಕೊನೆ ಅಥವಾ ಫೆಬ್ರುವರಿಯಲ್ಲಿ ಬರುವ 'ತೆತ್' ಎಂಬ ಚಾಂದ್ರಮಾನ ಹೊಸವರ್ಷದ ವಾರ ರೈಲು, ಬಸ್ಸುಗಳಲ್ಲಿ ಸ್ಥಳ ಸಿಗುವುದು ಕಷ್ಟ. ಅನೇಕ ಅಂಗಡಿಗಳೂ ಮುಚ್ಚಿರುತ್ತವೆ.

ಸಮುದ್ರದ ವಿಷಯದಲ್ಲಿಯೂ ಎಚ್ಚರ ಅಗತ್ಯ. 2025ರ ಜುಲೈ 19ರಂದು ಹಾ ಲಾಂಗ್ ಕೊಲ್ಲಿಯಲ್ಲಿ ಹಠಾತ್ ಬಿರುಗಾಳಿಗೆ ಸಿಕ್ಕ ಪ್ರವಾಸಿ ದೋಣಿಯೊಂದು ಮಗುಚಿ ಮೂವತ್ತಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಹವಾಮಾನದ ಕಾರಣಕ್ಕೆ ದೋಣಿವಿಹಾರ ರದ್ದಾದರೆ ನಾಯಕನೊಡನೆ ವಾದಿಸುವುದು ತರವಲ್ಲ. ಜೀವರಕ್ಷಕ ಜಾಕೆಟ್ ಎಲ್ಲಿದೆ ಎಂದು ದೋಣಿ ಹತ್ತಿದ ಕೂಡಲೇ ನೋಡಿಕೊಳ್ಳಬೇಕು.

ಬೈಕಿನ ಆಸೆ, ವಿಮೆಯ ತೊಡಕು

ವಿಯೆಟ್ನಾಂ ಮೋಟಾರ್ ಸೈಕಲ್‌ಗಳ ದೇಶ. ಬಿಡುವಿನ ದಿನ ಬಾಡಿಗೆ ಬೈಕ್ ಹಿಡಿದು ಹೈ ವಾನ್ ಘಟ್ಟ ಏರುವ ಆಸೆ ತಂಡದ ಎಳೆಯರಲ್ಲಿ ಸಾಮಾನ್ಯ. ಬಾಡಿಗೆ ಅಂಗಡಿಯವರು ಲೈಸೆನ್ಸ್ ಕೇಳದೆಯೇ ಕೀಲಿಕೈ ಕೊಡುವುದುಂಟು. ಅಪಾಯ ಇರುವುದು ಅಲ್ಲಿಯೇ.

ನಮ್ಮ ಸಾರಿಗೆ ಕಚೇರಿಗಳು (ಆರ್‌ಟಿಒ) ನೀಡುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ 1949ರ ಜಿನೀವಾ ಒಪ್ಪಂದಕ್ಕೆ ಅನುಸಾರವಾದದ್ದು. ವಿಯೆಟ್ನಾಂ ಸೇರಿರುವುದು 1968ರ ವಿಯೆನ್ನಾ ಒಪ್ಪಂದಕ್ಕೆ. ಹೀಗಾಗಿ ನಮ್ಮ ಪರವಾನಗಿಗೆ ಅಲ್ಲಿ ಮಾನ್ಯತೆ ಇಲ್ಲ. ಪರವಾನಗಿ ಇಲ್ಲದೆ ಓಡಿಸಿ ಅಪಘಾತವಾದರೆ ಪ್ರವಾಸ ವಿಮೆ ಸಾಮಾನ್ಯವಾಗಿ ಪರಿಹಾರ ಕೊಡುವುದಿಲ್ಲ. ಆಸ್ಪತ್ರೆಯ ಪೂರ್ಣ ವೆಚ್ಚ ಕುಟುಂಬದ ಮೇಲೆ ಬೀಳುತ್ತದೆ. ಸ್ಥಳೀಯ ಚಾಲಕನ ಹಿಂದೆ ಕುಳಿತು ಹೋಗುವ ವ್ಯವಸ್ಥೆ ಎಲ್ಲ ಪ್ರವಾಸಿ ಊರುಗಳಲ್ಲಿಯೂ ಲಭ್ಯ. ಹಿಂಬದಿ ಸವಾರನಿಗೂ ಹೆಲ್ಮೆಟ್ ಕಡ್ಡಾಯ. 2020ರಿಂದ ಜಾರಿಯಲ್ಲಿರುವ ಕಾನೂನಿನಂತೆ ಚಾಲಕನ ಉಸಿರಿನಲ್ಲಿ ಮದ್ಯದ ಅಂಶ ಎಷ್ಟಿದ್ದರೂ ಅಪರಾಧ.

ಕಾಗದಪತ್ರ

2023ರ ಆಗಸ್ಟ್ 15ರಿಂದ ವಿಯೆಟ್ನಾಂ ಎಲ್ಲ ದೇಶಗಳ ನಾಗರಿಕರಿಗೆ 90 ದಿನಗಳವರೆಗಿನ ಇ-ವೀಸಾ ನೀಡುತ್ತಿದೆ. ಒಮ್ಮೆ ಪ್ರವೇಶಕ್ಕೆ 25 ಡಾಲರ್, ಹಲವು ಬಾರಿ ಪ್ರವೇಶಕ್ಕೆ 50 ಡಾಲರ್ ಸರ್ಕಾರಿ ಶುಲ್ಕ. ಸರ್ಕಾರಿ ತಾಣವನ್ನೇ ಹೋಲುವ ಖಾಸಗಿ ತಾಣಗಳು ಹೆಚ್ಚು ಹಣ ಪಡೆಯುತ್ತವೆ. ವೀಸಾದಲ್ಲಿ ನಮೂದಾದ ದಿನಕ್ಕಿಂತ ಒಂದು ದಿನ ಮೊದಲು ಇಳಿದರೂ ಒಳಗೆ ಬಿಡುವುದಿಲ್ಲ.

ಅನೇಕ ಕನ್ನಡಿಗರ ಪಾಸ್‌ಪೋರ್ಟ್‌ನಲ್ಲಿ 'ಸರ್‌ನೇಮ್' ಜಾಗ ಖಾಲಿ ಇರುತ್ತದೆ, ಇಲ್ಲವೇ ತಂದೆಯ ಅಥವಾ ಊರಿನ ಹೆಸರು ಇರುತ್ತದೆ. ಪಾಸ್‌ಪೋರ್ಟ್, ವೀಸಾ, ವಿಮಾನ ಟಿಕೆಟ್ ಮೂರರಲ್ಲಿಯೂ ಹೆಸರು ಅಕ್ಷರಶಃ ಒಂದೇ ರೀತಿ ಇರುವಂತೆ ನೋಡಿಕೊಳ್ಳಬೇಕು. ನಾಯಕ ಎಷ್ಟೇ ಅನುಭವಿಯಾದರೂ ವಿಮಾನ ನಿಲ್ದಾಣದ ವಲಸೆ ಅಧಿಕಾರಿಯ ಮುಂದೆ ಪ್ರವಾಸಿ ಒಬ್ಬನೇ ನಿಲ್ಲಬೇಕಾಗುತ್ತದೆ. ಹೋಟೆಲುಗಳು ನೋಂದಣಿಗಾಗಿ ಪಾಸ್‌ಪೋರ್ಟ್ ಕೇಳುತ್ತವೆ. ಹೊರಡುವಾಗ ಮರಳಿ ಪಡೆಯಲು ಮರೆಯಬಾರದು.

ಊಟ, ಹಣ, ಚೀಲ

ಬಹುತೇಕ ತಂಡಪ್ರವಾಸಗಳಲ್ಲಿ ಊಟದ ಖರ್ಚು ಸೇರಿರುವುದಿಲ್ಲ. 'ಫೋ' ಎಂಬ ಪ್ರಸಿದ್ಧ ಶ್ಯಾವಿಗೆಯ ಸಾರು ದನ ಅಥವಾ ಕೋಳಿಯ ಮೂಳೆ ಕುದಿಸಿ ಮಾಡಿದ್ದು. ತರಕಾರಿ ಪಲ್ಯಕ್ಕೂ ಮೀನಿನ ರಸ ಬೆರೆಸುವುದುಂಟು. 'ಮಾಂಸ ಬೇಡ' ಎಂದರೆ ಸಸ್ಯಾಹಾರ ಸಿಕ್ಕಿತೆಂಬ ಖಾತರಿ ಇಲ್ಲ. ಹೇಳಬೇಕಾದ ಮಾತು 'ಆನ್ ಚಾಯ್'. ಉಚ್ಚಾರ ಚಹಾವನ್ನು ನೆನಪಿಸಿದರೂ ಅರ್ಥ ಬೌದ್ಧರ ಸಸ್ಯಾಹಾರ. 'ಚಾಯ್' ಫಲಕದ ಊಟದ ಮನೆಗಳು ಸಣ್ಣ ಊರುಗಳಲ್ಲಿಯೂ ಇವೆ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹುಣ್ಣಿಮೆಯಂದು ಅನೇಕ ಬೌದ್ಧರು ಸಸ್ಯಾಹಾರವನ್ನೇ ಉಣ್ಣುತ್ತಾರೆ.

ಹಣ 'ಡಾಂಗ್'. ಒಂದು ಲಕ್ಷ ಡಾಂಗ್ ಎಂದರೆ ಕೆಲವು ನೂರು ರೂಪಾಯಿ ಅಷ್ಟೆ. 20,000 ಮತ್ತು 5,00,000 ಡಾಂಗ್ ನೋಟುಗಳೆರಡೂ ನೀಲಿ ಬಣ್ಣದವು. ಕತ್ತಲಲ್ಲಿ ಒಂದರ ಬದಲು ಇನ್ನೊಂದು ಕೊಟ್ಟರೆ ನಷ್ಟ ಇಪ್ಪತ್ತೈದು ಪಟ್ಟು. ಇವೆರಡನ್ನು ಬೇರೆ ಬೇರೆ ಕಡೆ ಇಡುವುದು ಒಳ್ಳೆಯದು.

ಚೀಲ 40 ಲೀಟರಿನೊಳಗೆ, ಹತ್ತು ಕಿಲೋ ಮೀರದಂತಿರಲಿ. ಕಿರಿದಾದ ವಸತಿಗೃಹಗಳಲ್ಲಿ ಲಿಫ್ಟ್ ಇಲ್ಲದಿರಬಹುದು. ರೈಲಿನ ಮೇಲಿನ ಮಲಗುಪಟ್ಟಿಯವರೆಗೆ ಚೀಲ ಏರಿಸುವವನೂ ಪ್ರವಾಸಿಯೇ. ಬಟ್ಟೆ ಒಗೆದುಕೊಡುವ ಅಂಗಡಿಗಳು ಎಲ್ಲೆಡೆ ಇರುವುದರಿಂದ ಐದು ದಿನದ ಬಟ್ಟೆ ಸಾಕು.

ಮುಂಗಡ ಕಟ್ಟುವ ಮೊದಲು ಕೇಳಬೇಕಾದ್ದು

* ಕನಿಷ್ಠ ಎಷ್ಟು ಮಂದಿ ಸೇರಿದರೆ ತಂಡ ಹೊರಡುತ್ತದೆ? ಸೇರದಿದ್ದರೆ ಹಣ ಎಷ್ಟು ದಿನದಲ್ಲಿ ಮರಳುತ್ತದೆ?
* ಪ್ರವಾಹ, ಚಂಡಮಾರುತದಿಂದ ದಾರಿ ಬದಲಾದರೆ ಹೆಚ್ಚುವರಿ ವೆಚ್ಚ ಯಾರದು?
* ರಾತ್ರಿ ರೈಲಿನಲ್ಲಿ ಯಾವ ದರ್ಜೆ?
* ಪ್ರವೇಶ ಶುಲ್ಕ, ಟಿಪ್ಸ್, ದೋಣಿವಿಹಾರಗಳಲ್ಲಿ ಯಾವುದು ಸೇರಿದೆ, ಯಾವುದು ಸೇರಿಲ್ಲ?
* ಒಬ್ಬರು ಕಾಯಿಲೆ ಬಿದ್ದರೆ ತಂಡ ಮುಂದೆ ಹೋಗುತ್ತದೆಯೇ? ಅವರ ಜೊತೆ ಉಳಿಯುವವರು ಯಾರು?

ಕೊನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ಒಬ್ಬರಿಗಾಗಿ ಹದಿನೈದು ಮಂದಿಯ ಪ್ರವಾಸ ನಿಲ್ಲಲಾರದು. ನಾಯಕನೂ ತಂಡದೊಡನೆ ಮುಂದೆ ಸಾಗಲೇಬೇಕು. ಆದ್ದರಿಂದ ವಿಮೆಯ ದಾಖಲೆ, ಮನೆಯವರ ದೂರವಾಣಿ ಸಂಖ್ಯೆ ಹಾಗೂ ಹನೋಯಿಯ ಭಾರತೀಯ ರಾಯಭಾರ ಕಚೇರಿ, ಹೋ ಚಿ ಮಿನ್ ನಗರದ ಭಾರತೀಯ ಕಾನ್ಸುಲೇಟ್ ಕಚೇರಿಗಳ ವಿವರವನ್ನು ಕಾಗದದ ಮೇಲೆ ಬರೆದು ಚೀಲದಲ್ಲಿ ಇಟ್ಟುಕೊಳ್ಳುವುದು ಲೇಸು. ಅದರ ಇನ್ನೊಂದು ಪ್ರತಿ ಊರಿನಲ್ಲಿರುವವರ ಬಳಿಯೂ ಇರಲಿ.